ನಾಲ್ಕನೆಯ ಸಾಲಿನ ಪದ

ಜೂನ್ 11

ಮಾತಿಗೆ ಮಾತು ಕೊಡುವ ನನ್ನ ವಕೀಲಮ್ಮ,

ಲಕೋಟೆ ದಪ್ಪಗಿದೆ ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಆಗಬಾರದ್ದು ಆಗಿದ್ದು ಸರಸರಕ್ಕನಿಗೆ.

ಅವಳನ್ನು ನೀನು ಮರೆತಿರಲಿಕ್ಕಿಲ್ಲ. ಅಮ್ಮ ತೀರಿಕೊಂಡ ವರ್ಷ ಶಾಲೆ ಬಿಟ್ಟ ಮೇಲೆ ನಮ್ಮ ಲಾಂಡ್ರಿಯ ಗೇಟಿನ ಹತ್ತಿರ ಬಂದು ಕೂರುತ್ತಿದ್ದೆಯಲ್ಲ, ಆಗ ನಿನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದವಳು ಅವಳೇ. ನೀನು ‘ಸರಸರತ್ತೆ’ ಎನ್ನುತ್ತಿದ್ದೆ. ಹದಿನಾರು ವರ್ಷದಿಂದ ನಾವಿಬ್ಬರೂ ಒಂದೇ ಮೆಷಿನಿನಲ್ಲಿದ್ದೇವೆ. ಒಗೆದ ಚಾದರಗಳನ್ನು ಅವಳು ಇಸ್ತ್ರಿಯ ಬಿಸಿ ಉರುಳೆಗಳ ನಡುವೆ ಕೊಡುತ್ತಾಳೆ, ನಾನು ಪಕ್ಕದಲ್ಲಿ ನಿಂತು ಶಾಖ, ವೇಗ, ನಿಲ್ಲಿಸುವುದು, ಹೊರಡಿಸುವುದು ನೋಡಿಕೊಳ್ಳುತ್ತೇನೆ. ಅವಳ ಕೈ ಓಡುವ ಓಟಕ್ಕೇ ಆ ಹೆಸರು ಬಂದದ್ದು.

ಉರುಳೆಯ ಮುಂದೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ, ಗಾರ್ಡ್ ಎನ್ನುತ್ತೇವೆ. ಬೆರಳು ಅದಕ್ಕೆ ತಾಗಿದರೆ ಮೆಷಿನು ತಾನಾಗಿ ನಿಲ್ಲುತ್ತದೆ. ಸುಕ್ಕಾದ ಚಾದರ ತಾಗಿದರೂ ನಿಲ್ಲುತ್ತದೆ. ಅದರಿಂದ ಕೆಲಸ ನಿಧಾನವೆಂದು ಹೋದ ತಿಂಗಳು ಸೂಪರ್‌ವೈಸರ್ ಅದನ್ನು ಬಿಚ್ಚಿಸಿದರು. ನಾನು ಮೂರು ಸಲ ಹೇಳಿದೆ. ಮೂರನೆಯ ಸಲ, “ಸಾರ್, ಅಕ್ಕನ ಕೈ ಜೋರು, ಗಾರ್ಡ್ ಇಲ್ದೆ ನನಗೆ ಭಯ ಆಗುತ್ತೆ” ಎಂದೆ. “ನಿನಗೆ ಭಯ ಆದ್ರೆ ಮನೇಲಿರು, ಭಯ ಇಲ್ದೋನು ಬರ್ತಾನೆ” ಎಂದರು. ನಾನು ಸುಮ್ಮನೆ ಹೋಗಿ ಮೆಷಿನು ಶುರು ಮಾಡಿದೆ.

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಚಾದರದ ಅಂಚು ಮಡಚಿಕೊಂಡಿತು. ಅವಳು ಬಿಡಿಸಲು ಹೋದಳು. ಅವಳು ಕೂಗುವುದಕ್ಕೆ ಮೊದಲೇ ನಾನು ನಿಲ್ಲಿಸಿದೆ. ಆದರೂ ಮಣಿಕಟ್ಟಿನವರೆಗೆ ಹೋಗಿಬಿಟ್ಟಿತ್ತು. ಬಲಗೈ. ನೀನು ನರ್ಸ್ ಆಗುವವಳು, ಮಿಕ್ಕದ್ದು ನಾನು ಬರೆಯದೆಯೇ ನಿನಗೆ ತಿಳಿಯುತ್ತದೆ.

ಈಗ ವಿಮೆಯವರ ಒಂದು ಫಾರಂ ಬಂದಿದೆ. ಪೂರ್ತಿ ಇಂಗ್ಲಿಷು. ವಾಕ್ಯಗಳನ್ನು ಅಚ್ಚು ಮಾಡಿ ನಡುನಡುವೆ ಗೆರೆ ಎಳೆದು ಜಾಗ ಬಿಟ್ಟಿದ್ದಾರೆ, ಅಲ್ಲಿ ಸರಿಯಾದ ಪದ ತುಂಬಬೇಕು. ಹದಿನೈದು ದಿನ ಗಡುವು. ಆಫೀಸಿನ ಗುಮಾಸ್ತ “ಕೊಡಿ, ನಾನೇ ತುಂಬ್ತೀನಿ” ಎಂದ. “ಬೇಡಪ್ಪ, ನನ್ನ ಮಗಳು ಇಂಗ್ಲಿಷಲ್ಲಿ ಕ್ಲಾಸಿಗೇ ಮೊದಲು” ಎಂದೆ. ಅವನ ಮುಖ ನೋಡಬೇಕಿತ್ತು ನೀನು.

ಐದು ಸಾಲುಗಳನ್ನು ಬೇರೆ ಹಾಳೆಯಲ್ಲಿ ನೋಡಿ ನೋಡಿ ಇಳಿಸಿದ್ದೇನೆ. ಓದಿ ಬರೆದದ್ದಲ್ಲ, ಚಿತ್ರ ಬಿಡಿಸಿದ ಹಾಗೆ. ಯಾವುದಾದರೂ ಅಕ್ಷರ ತಲೆಕೆಳಗಾಗಿದ್ದರೆ ನೀನೇ ನೆಟ್ಟಗೆ ನಿಲ್ಲಿಸಿಕೋ. ಫೋನಿನಲ್ಲಿ ಹೇಳಿದರೆ ನನಗೆ ಹಿಡಿಯಲು ಬಾರದು, ದೊಡ್ಡದಾಗಿ ಬರೆದು ಕಳಿಸು. ಸುಳ್ಳು ಒಂದೂ ಇರಬಾರದು. ಅವಳಿಗೆ ಸಿಗಬೇಕಾದ್ದೆಲ್ಲ ಈ ಕಾಗದದ ಮೇಲೆ ನಿಂತಿದೆಯಂತೆ.

ನಿನ್ನ ಅಪ್ಪ


ಜೂನ್ 15

ಅಪ್ಪಾ,

ನಿನ್ನ ಕಾಗದ ಓದಿ ಕೂತಲ್ಲೇ ಕೂತೆ. ಊಟದ ಗಂಟೆ ಹೊಡೆದರೂ ಏಳಲಾಗಲಿಲ್ಲ. ಸರಸರತ್ತೆ ಜಡೆ ಹಾಕುವಾಗ ನೆತ್ತಿಗೆ ಒಂದಿಷ್ಟೂ ನೋಯುತ್ತಿರಲಿಲ್ಲ. ನೀನು ಹಾಕಿದರೆ ನಾನು ಊರಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದೆ.

ಆಸ್ಪತ್ರೆಯಲ್ಲಿ ಅವರ ಪಟ್ಟಿ ಬದಲಾಯಿಸುವ ಮೊದಲು ನೋವಿನ ಔಷಧಿ ಕೊಡುತ್ತಿದ್ದಾರಾ ಕೇಳು. ಕೊಡದಿದ್ದರೆ ಜಗಳವಾಡು.

ಈಗ ಫಾರಂ. ಮೊದಲನೆಯ ಗೆರೆಯಲ್ಲಿ ನಿನ್ನ ಹೆಸರು. ಎರಡನೆಯ ಸಾಲು ನೀನು ಮೆಷಿನಿನಲ್ಲಿ ಏನು ಮಾಡುತ್ತಿದ್ದೆ ಎಂದು, ಅಲ್ಲಿ ‘ಆಪರೇಟಿಂಗ್’. ಮೂರನೆಯದರಲ್ಲಿ ಅತ್ತೆಯ ಕೈ ಉರುಳೆಯಲ್ಲಿ ಸಿಕ್ಕಿಕೊಂಡಿತು ಎಂದು, ಅಲ್ಲಿ ‘ಕಾಟ್’. ಉಚ್ಚಾರ ನೋಡಿ ನಗಬೇಡ, ಮಂಚವಲ್ಲ, ಸಿಕ್ಕಿಕೊಂಡದ್ದು. ಐದನೆಯದು ತಕ್ಷಣ ನಿಲ್ಲಿಸಿದೆ ಎಂದು, ಅಲ್ಲಿ ‘ವನ್ಸ್’ ಎಂಬುದರ ಮುಂದೆ ‘ಅಟ್’.

ನಾಲ್ಕನೆಯದಕ್ಕೆ ಸ್ವಲ್ಪ ಯೋಚಿಸಿದೆ. ‘ದ ಗಾರ್ಡ್ ವಾಸ್ ರಿಮೂವ್ಡ್’ ಎಂದಿದೆ, ಆಮೇಲೆ ಗೆರೆ, ಆಮೇಲೆ ‘ಮೈ ನಾಲೆಡ್ಜ್’. ಗಾರ್ಡ್ ತೆಗೆದದ್ದು ನಿನಗೆ ಗೊತ್ತಿತ್ತೋ ಇಲ್ಲವೋ ಎಂದು ಕೇಳುತ್ತಿದ್ದಾರೆ. ಗೊತ್ತಿರಲಿಲ್ಲ ಎನ್ನುವುದಾದರೆ ‘ವಿತೌಟ್’. ಗೊತ್ತಿತ್ತು ಎನ್ನುವುದಾದರೆ ‘ವಿತ್’. ಮೂರು ಸಲ ಹೇಳಿದವನು ಗೊತ್ತಿರಲಿಲ್ಲ ಎಂದು ಹೇಗೆ ಬರೆಯುತ್ತೀಯ? ಸುಳ್ಳು ಬೇಡ ಎಂದವನೂ ನೀನೇ. ‘ವಿತ್’ ಎಂದು ಬರೆ. ನಾಲ್ಕೇ ಅಕ್ಷರ, ಬೇರೆ ಹಾಳೆಯಲ್ಲಿ ಅಂಗೈಯಗಲ ಬರೆದಿದ್ದೇನೆ.

ನೀನು ಮೂರು ಸಲ ಹೇಳಿದ್ದನ್ನು ಬರೆಯಲು ಈ ಐದು ಸಾಲಿನಲ್ಲಿ ಎಲ್ಲೂ ಜಾಗವಿಲ್ಲ. ಹಾಳೆಯ ಹಿಂದೆ ಏನಾದರೂ ಇದೆಯಾ ನೋಡು.

ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ನಾನು ಇದುವರೆಗೆ ಒಂದು ಅಂಕವನ್ನೂ ಬಿಟ್ಟುಕೊಟ್ಟಿಲ್ಲ. ಧೈರ್ಯವಾಗಿ ಬರೆದುಕೊಡು.

ನಿನ್ನ ವಕೀಲಮ್ಮ


ಜೂನ್ 21

ಮಗಳೇ,

ಫಾರಂ ಕೊಟ್ಟು ಬಂದೆ. ಐದು ಪದ ಇಳಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ಹಾಳೆಯ ಹಿಂದೆ ಖಾಲಿ ಇತ್ತು, ಆದರೆ ಅಲ್ಲಿ ಏನೂ ಬರೆಯಬಾರದಂತೆ. ಕೇಳಿದೆ.

ಗುಮಾಸ್ತ ಒಂದೊಂದೇ ಸಾಲು ಓದಿದ. ನಾಲ್ಕನೆಯದಕ್ಕೆ ಬಂದು ನಿಂತ. “ಇದನ್ನ ನೀವೇ ಬರೆದ್ರಾ?” ಎಂದ. “ಹೌದು” ಎಂದೆ. ನನ್ನ ಕೈಬರಹವೇ ತಾನೆ. ಅವನು ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ನನ್ನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು, ಟೀ ತರಿಸಿದರು. ಹದಿನಾರು ವರ್ಷದಲ್ಲಿ ಇದೇ ಮೊದಲು. “ಸತ್ಯ ಬರೆದಿದ್ದೀಯ, ಒಳ್ಳೇದು” ಎಂದರು. ನಿನ್ನ ಇಂಗ್ಲಿಷಿಗೆ ಎಷ್ಟು ಮರ್ಯಾದೆ ನೋಡು.

ಅಲ್ಲಿಂದ ಆಸ್ಪತ್ರೆಗೆ ಹೋದೆ. ಕೈ ಉಳಿಸಲು ಆಗಲಿಲ್ಲ. ಅವಳು ನನ್ನನ್ನು ನೋಡಿ ಮೊದಲು ಕೇಳಿದ್ದು, “ಮೆಷಿನ್ ಮುಂದೆ ಈಗ ಯಾರನ್ನ ನಿಲ್ಲಿಸಿದ್ದಾರೆ ಅಣ್ಣ?” ಎಂದು. ಯಾರನ್ನೂ ಇಲ್ಲ, ಗಾರ್ಡ್ ಹಾಕುವವರೆಗೆ ನಿಂತಿದೆ ಎಂದೆ. “ಈಗ ಹಾಕ್ತಾರಾ” ಎಂದಳು. ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿತ್ತು, ಎದ್ದು ಅದನ್ನು ಹಾಕಿ ಬಂದೆ.

ಪರೀಕ್ಷೆಗೆ ಓದಿಕೋ. ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ನಿನ್ನ ಅಪ್ಪ


ಆಗಸ್ಟ್ 2

ಅಪ್ಪಾ,

ಈ ಕಾಗದ ಸಿಕ್ಕಿದ ದಿನವೇ ಉತ್ತರ ಬರೆ.

ಜುಲೈ ಪೂರ್ತಿ ನಿನ್ನಿಂದ ಬಂದದ್ದು ಎರಡೇ ಕಾರ್ಡು. ಎರಡರಲ್ಲೂ ‘ಚೆನ್ನಾಗಿದ್ದೇನೆ, ಚೆನ್ನಾಗಿ ಓದು’ ಅಷ್ಟೆ. ಪರೀಕ್ಷೆಯ ಗಡಿಬಿಡಿಯಲ್ಲಿ ನಾನೂ ಕೆದಕಲಿಲ್ಲ. ಇವತ್ತು ಬೆಳಿಗ್ಗೆ ಇಂಗ್ಲಿಷ್ ಮೇಡಂ ರೋಗಿಗಳ ಒಪ್ಪಿಗೆ ಪತ್ರ ಹೇಗೆ ಓದಬೇಕೆಂದು ಪಾಠ ಮಾಡುತ್ತಿದ್ದರು. ಬೋರ್ಡಿನ ಮೇಲೆ ಒಂದು ವಾಕ್ಯ ಬರೆದರು, ಅದರ ಕೊನೆಗೆ ‘ವಿತ್ ಮೈ ನಾಲೆಡ್ಜ್’ ಎಂದಿತ್ತು. ಅರ್ಥ ಕೇಳಿದರು. ನಾನು ಎದ್ದು ನಿಂತು, “ನನಗೆ ಗೊತ್ತಿತ್ತು ಅಂತ ಮೇಡಂ” ಎಂದೆ.

“ಕೂತ್ಕೋ. ಪದಕ್ಕೆ ಪದ ಇಟ್ರೆ ಹಾಗೆ. ಆದ್ರೆ ಕಾಗದದ ಮೇಲೆ ಇದನ್ನ ಓದೋರು ‘ನನಗೆ ತಿಳಿಸಿಯೇ ಮಾಡಿದ್ರು, ನಾನೂ ಒಪ್ಪಿದ್ದೆ’ ಅಂತ ಓದ್ತಾರೆ” ಎಂದರು.

ನಾನು ಕೂರಲಿಲ್ಲ. ನನಗೆ ಕೂರಲು ಆಗಲಿಲ್ಲ. ಕ್ಲಾಸು ಮುಗಿದ ಮೇಲೆ ಮೇಡಂ ಹಿಂದೆ ಹೋಗಿ ಆ ನಾಲ್ಕನೆಯ ಸಾಲು ಬರೆದು ತೋರಿಸಿದೆ. ನಡೆದದ್ದೆಲ್ಲ ಹೇಳಿದೆ. “ಹಾಗಾದ್ರೆ ಏನು ಹಾಕ್ಬೇಕಿತ್ತು ಮೇಡಂ?” ಎಂದು ಕೇಳಿದೆ. “‘ಟು’ ಹಾಕಿದ್ರೆ ‘ನನಗೆ ತಿಳಿದ ಮಟ್ಟಿಗೆ’ ಅಂತ ಆಗ್ತಿತ್ತು, ಇಷ್ಟು ಕೆಡ್ತಿರಲಿಲ್ಲ. ಆದ್ರೂ ಆ ಜಾಗದಲ್ಲಿ ಯಾವ ಪದ ಹಾಕಿದ್ರೂ ನಿಮ್ಮಪ್ಪನ ಮಾತು ಪೂರ್ತಿ ಹಿಡಿಯಲ್ಲ. ವಾಕ್ಯವನ್ನೇ ಹಾಗೆ ಕಟ್ಟಿದ್ದಾರೆ” ಎಂದರು.

ಅಪ್ಪಾ, ‘ವಿತ್’ ಎಂದರೆ ‘ಜೊತೆಗೆ’ ಎಂದು ನಾಲ್ಕನೆಯ ಕ್ಲಾಸಿನಿಂದ ಗೊತ್ತು. ಅದಕ್ಕಿಂತ ಸುಲಭವಾದ ಪದ ಆ ಭಾಷೆಯಲ್ಲಿ ಇಲ್ಲ. ಅದರಲ್ಲೇ ನಾನು ಎಡವಿದೆನಲ್ಲ.

ಆ ಫಾರಂ ಏನಾಯಿತು? ವಾಪಸು ಕೇಳಬಹುದೇ? ನಿನಗೆ ಯಾರಾದರೂ ಏನಾದರೂ ಅಂದರೇ? ಸರಸರತ್ತೆಗೆ ಸಿಗಬೇಕಾದ್ದು ಸಿಕ್ಕಿತೇ? ಒಂದೊಂದಕ್ಕೂ ಉತ್ತರ ಬೇಕು.

ನಿನ್ನ ಮಗಳು


ಆಗಸ್ಟ್ 9

ಮಗಳೇ,

ಒಂದು ಪದಕ್ಕೆ ಇಷ್ಟೊಂದು ರಂಪವೇ? ನಿಮ್ಮ ಮೇಡಂ ದೊಡ್ಡ ಓದು ಓದಿದವರು, ಅವರಿಗೆ ಎಲ್ಲದರಲ್ಲೂ ಎರಡು ಅರ್ಥ ಕಾಣುತ್ತದೆ. ವಿಮೆಯ ಕೆಲಸ ನಿಧಾನ. ಇನ್ನೂ ಏನೂ ತಿಳಿದಿಲ್ಲ.

ನನ್ನನ್ನು ಉರುಳೆಯಿಂದ ತೆಗೆದು ನೀರಿನ ಕಡೆ ಹಾಕಿದ್ದಾರೆ. ಕೈಯೆಲ್ಲ ನೆನೆದ ಕಾಗದದ ಹಾಗೆ ಬೆಳ್ಳಗಾಗುತ್ತದೆ, ಅದು ಬಿಟ್ಟರೆ ತೊಂದರೆ ಇಲ್ಲ. ಬಿಸಿ ಸಾಕಾಗಿತ್ತು, ತಂಪಾಗಿದ್ದೇನೆ. ಅಕ್ಕ ಆಸ್ಪತ್ರೆಯಿಂದ ತಮ್ಮನ ಮನೆಗೆ ಹೋಗಿದ್ದಾಳೆ. ಹೋಗಿ ನೋಡಿ ಬರುವುದಕ್ಕೆ ನನಗೇ ಪುರುಸೊತ್ತಾಗಿಲ್ಲ.

ಇನ್ನು ಮೇಲೆ ಕಾಗದವನ್ನು ಮನೆಯ ವಿಳಾಸಕ್ಕೇ ಬರೆ, ಲಾಂಡ್ರಿಗೆ ಬರೆಯಬೇಡ. ಅಲ್ಲಿ ಕಳೆದುಹೋಗುತ್ತದೆ.

ಹಾಸ್ಟೆಲಿನ ಸೊಳ್ಳೆ ಹೇಗಿದೆ? ನಿನ್ನ ಕೋಣೆಯವಳ ಗೊರಕೆ?

ನಿನ್ನ ಅಪ್ಪ


ಸೆಪ್ಟೆಂಬರ್ 6

ಅಪ್ಪಾ,

ನಿನಗೆ ತಿಳಿಸದೆ ಒಂದು ಕೆಲಸ ಮಾಡಿದೆ. ಲಾಂಡ್ರಿಯ ಆಫೀಸಿಗೆ ನಾನೇ ಒಂದು ಪತ್ರ ಬರೆದೆ. ನಾಲ್ಕನೆಯ ಸಾಲಿನ ಪದ ತಪ್ಪಾಗಿದೆ, ತಪ್ಪು ನಮ್ಮಪ್ಪನದಲ್ಲ, ಅವರು ಗಾರ್ಡ್ ಹಾಕಿರೆಂದು ಮೂರು ಸಲ ಕೇಳಿಕೊಂಡಿದ್ದರು, ದಯವಿಟ್ಟು ತಿದ್ದಲು ಅವಕಾಶ ಕೊಡಿ ಎಂದು. ಮೇಡಂ ನೋಡಿ ಒಪ್ಪಿದ ಮೇಲೆಯೇ ಹಾಕಿದೆ.

ನಿನ್ನೆ ಉತ್ತರ ಬಂತು. ಇಂಗ್ಲಿಷಿನಲ್ಲಿದೆ, ನಾನು ಕನ್ನಡದಲ್ಲಿ ಬರೆಯುತ್ತೇನೆ. ‘ಸದರಿ ಹೇಳಿಕೆಯನ್ನು ಸಹಿ ಮಾಡಿದವರು ಸ್ವಂತ ಇಚ್ಛೆಯಿಂದ, ಯಾರ ಸಹಾಯವೂ ಇಲ್ಲದೆ ಬರೆದಿದ್ದಾಗಿ ವಿಚಾರಣೆಯಲ್ಲಿ ಒಪ್ಪಿರುತ್ತಾರೆ. ಅವರು ಜುಲೈ 8ರಿಂದ ನಮ್ಮ ನೌಕರಿಯಲ್ಲಿ ಇರುವುದಿಲ್ಲ. ಮುಂದಿನ ಪತ್ರ ವ್ಯವಹಾರ ಅನಗತ್ಯ.’

ಜುಲೈ 8. ಆಗಸ್ಟಿನಲ್ಲಿ ನೀನು ನೀರಿನ ಕಡೆ ಹಾಕಿದ್ದಾರೆ ಎಂದು ಬರೆದೆ. ಎಲ್ಲಿಯ ನೀರು ಅಪ್ಪಾ?

ನನ್ನ ಮೇಲೆ ಸಿಟ್ಟು ಮಾಡಿಕೋ, ಬೈ. ಆದರೆ ಸೊಳ್ಳೆಯ ಬಗ್ಗೆ ಬರೆಯಬೇಡ.

ನಿನ್ನ ಮಗಳು


ಸೆಪ್ಟೆಂಬರ್ 14

ಮಗಳೇ,

ಸುಳ್ಳು ಹೇಳಲಿಲ್ಲ, ನೀರಿನ ಕೆಲಸವೇ. ಒಂದು ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುತ್ತೇನೆ. ಜೊತೆಯವರು ಒಳ್ಳೆಯವರು. ದೊಡ್ಡ ಹಂಡೆ ನನಗೆ ಎತ್ತಲು ಬಿಡುವುದಿಲ್ಲ.

ನಡೆದದ್ದನ್ನು ಒಂದೇ ಸಲ ಬರೆದುಬಿಡುತ್ತೇನೆ, ಮತ್ತೆ ಕೇಳಬೇಡ.

ಜುಲೈ ಮೊದಲ ವಾರ ವಿಚಾರಣೆಗೆ ಕರೆದರು. ಉದ್ದನೆಯ ಮೇಜು, ಆಚೆ ಮೂವರು. ಸೂಪರ್‌ವೈಸರ್ ಕಿಟಕಿಯ ಹತ್ತಿರ. ನಡುವಿನವರು ನನ್ನ ಫಾರಂ ಎತ್ತಿ ಹಿಡಿದು, “ಇದು ನಿಮ್ಮ ಕೈಬರಹವಾ?” ಎಂದರು. ಹೌದೆಂದೆ. “ಗಾರ್ಡ್ ತೆಗೆಯೋಕೆ ನಿಮ್ಮ ಒಪ್ಪಿಗೆ ಇತ್ತು ಅಂತ ಬರೆದಿದ್ದೀರ.” “ಇಲ್ಲ ಸಾರ್, ನನಗೆ ಗೊತ್ತಿತ್ತು ಅಂತ ಬರೆದಿದ್ದೀನಿ. ಮೂರು ಸಲ ಬೇಡ ಅಂತ ಹೇಳಿದ್ದೆ” ಎಂದೆ. ಅವರು ಸೂಪರ್‌ವೈಸರ್ ಕಡೆ ನೋಡಿದರು. ಸೂಪರ್‌ವೈಸರ್ “ನನಗೆ ನೆನಪಿಲ್ಲ” ಎಂದರು. “ಇಲ್ಲಿ ಹಾಗೆ ಇಲ್ವಲ್ಲ” ಎಂದು ನಡುವಿನವರು ಮತ್ತೆ ಕಾಗದ ತೋರಿಸಿದರು. ಬೈಯಲಿಲ್ಲ, ಗದರಿಸಲಿಲ್ಲ. ಅವರ ಕಣ್ಣಿಗೆ ಕಾಣುವುದನ್ನು ಹೇಳುತ್ತಿದ್ದರು, ಅಷ್ಟೆ.

“ಈ ಪದಗಳು ನಿಮ್ಮವೇ ತಾನೆ? ಯಾರ ಸಹಾಯವೂ ಪಡೆದಿಲ್ಲ ಅಂತ ಕೆಳಗೆ ಅಚ್ಚಾಗಿದೆ, ಅದರ ಕೆಳಗೆ ನಿಮ್ಮ ಸಹಿ ಇದೆ. ಬೇರೆಯವರು ಬರೆದುಕೊಟ್ಟಿದ್ರೆ ಹೇಳಿ. ಆಗ ಸಹಿ ಸುಳ್ಳಾಗುತ್ತೆ, ಅವರನ್ನೂ ಕರೆಸಬೇಕಾಗುತ್ತೆ.”

ಆ ಸಾಲು ನನಗೆ ಗೊತ್ತೇ ಇರಲಿಲ್ಲ. ಅದರಲ್ಲಿ ಖಾಲಿ ಜಾಗ ಇರಲಿಲ್ಲವಲ್ಲ, ನಿನಗೆ ಇಳಿಸಿ ಕಳಿಸಿರಲಿಲ್ಲ. ನಾನು ಬಾಯಿ ತೆರೆದೆ. “ಮ” ಎಂದೆ. ಮಗಳು ಎನ್ನಬೇಕಿತ್ತು. ನಿನ್ನನ್ನು ಆ ಮೇಜಿನ ಮುಂದೆ ನಿಲ್ಲಿಸಿದ ಹಾಗೆ ಕಣ್ಣಿಗೆ ಕಟ್ಟಿತು. ನಿನ್ನ ನರ್ಸಿಂಗ್ ಶಾಲೆಗೆ ಅವರ ಕಾಗದ ಹೋದ ಹಾಗೆ. “ಏನಂದ್ರಿ?” ಎಂದರು. “ಮರೆತೆ ಸಾರ್” ಎಂದೆ. ಪದಗಳು ನನ್ನವೇ ಎಂದು ಒಪ್ಪಿಕೊಂಡೆ.

ನನ್ನ ಕೆಲಸ ಹೋದದ್ದು ಹೋಗಲಿ. ತಪ್ಪು ಕಾರ್ಖಾನೆಯದಲ್ಲ, ಜೊತೆಗಾರನದು ಎಂದು ತೀರ್ಮಾನವಾಯಿತು. ಆಸ್ಪತ್ರೆಯ ಖರ್ಚು ಬಿಟ್ಟು ಅಕ್ಕನಿಗೆ ಏನೂ ಇಲ್ಲ. ಸೂಪರ್‌ವೈಸರ್ ತಾವೇ ಆಸ್ಪತ್ರೆಗೆ ಹೋಗಿ ನನ್ನ ಫಾರಂ ಅವಳಿಗೆ ತೋರಿಸಿದರಂತೆ. ಮರುದಿನ ನಾನು ಹೋದಾಗ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. “ಅಕ್ಕ” ಎಂದೆ. ತಿರುಗಲಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡು ಬಂದೆ. ನಿದ್ದೆಯಲ್ಲ ಎಂದು ನನಗೆ ಗೊತ್ತು.

ನೀನು ಏನೂ ಮಾಡಿಲ್ಲ. ಪದ ಕೇಳಿದವನು ನಾನು. ಗುಮಾಸ್ತನ ಮುಂದೆ ಜಂಬ ಕೊಚ್ಚಿಕೊಂಡವನೂ ನಾನೇ. ನಿಜ ಹೇಳಬೇಕೆಂದರೆ, ಮೂರನೆಯ ಸಲ ಬೈಸಿಕೊಂಡ ಮೇಲೆ ಸುಮ್ಮನೆ ಹೋಗಿ ಮೆಷಿನು ಶುರು ಮಾಡಿದವನೂ ನಾನೇ. ಒಮ್ಮೊಮ್ಮೆ ಪಾತ್ರೆ ತೊಳೆಯುತ್ತ ಅನ್ನಿಸುತ್ತದೆ, ಆ ಪದ ಅಷ್ಟೇನೂ ತಪ್ಪಿರಲಿಲ್ಲವೇನೋ ಎಂದು.

ನಿನ್ನ ಅಪ್ಪ


ಸೆಪ್ಟೆಂಬರ್ 20

ಸರಸರತ್ತೆಗೆ,

ನಾನು ನಿಮ್ಮ ಕೈಲಿ ಜಡೆ ಹಾಕಿಸಿಕೊಳ್ಳುತ್ತಿದ್ದವಳು. ನಮ್ಮಪ್ಪನಿಗೆ ಈ ಕಾಗದದ ವಿಷಯ ಗೊತ್ತಿಲ್ಲ.

ಅಪ್ಪ ಕೊಟ್ಟ ಫಾರಂ ನಿಮಗೆ ತೋರಿಸಿದ್ದಾರೆಂದು ತಿಳಿಯಿತು. ಅದರಲ್ಲಿ ಗಾರ್ಡ್ ತೆಗೆಯಲು ಅಪ್ಪ ಒಪ್ಪಿದ್ದರು ಎಂಬ ಅರ್ಥ ಬರುವ ಪದ ಒಂದಿದೆ. ಅದನ್ನು ಆರಿಸಿದವಳು ನಾನು. ಅಪ್ಪನಿಗೆ ಇಂಗ್ಲಿಷ್ ಅಕ್ಷರ ಓದಲು ಬರುವುದಿಲ್ಲ. ನಾನು ದೊಡ್ಡದಾಗಿ ಬರೆದು ಕಳಿಸಿದ್ದನ್ನು ಕೋಲು, ಕೊಕ್ಕೆ ಎಂದು ಎಣಿಸಿ ಇಳಿಸಿದ್ದಾರೆ. ಅವರು ನನಗೆ ಕನ್ನಡದಲ್ಲಿ ಬರೆದಿದ್ದದ್ದು, ಗಾರ್ಡ್ ಇಲ್ಲದೆ ಅಕ್ಕನ ಕೈಗೆ ಏನಾಗುತ್ತದೋ ಎಂದು ಭಯವಾಗಿ ಮೂರು ಸಲ ಹೇಳಿದೆ ಎಂದು. ಆ ಕಾಗದ ನನ್ನ ಹತ್ತಿರ ಇದೆ, ಬೇಕಾದರೆ ಕಳಿಸುತ್ತೇನೆ.

ಅಷ್ಟೂ ಮಾತನ್ನು ನಾನು ನಾಲ್ಕು ಅಕ್ಷರ ಮಾಡಿದೆ. ಸರಿಯಾಗಿದೆ ಎಂದು ಹೆಮ್ಮೆಪಟ್ಟೆ ಕೂಡ. ಆ ದಿನ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು ಅತ್ತೆ. ನಿಮ್ಮ ಕೈಗೆ ಆದದ್ದನ್ನು ಓದಿದ ದಿನವೇ.

ಕ್ಷಮಿಸಿ ಎಂದು ಕೇಳಲು ನಾಚಿಕೆಯಾಗುತ್ತದೆ. ಅಪ್ಪನಿಂದ ಮಾತ್ರ ಮುಖ ತಿರುಗಿಸಬೇಡಿ. ಮೇಡಂ ಒಬ್ಬರು ವಿಮೆಯವರಿಗೆ ಮನವಿ ಬರೆಯಲು ಸಹಾಯ ಮಾಡುತ್ತಾರೆ. ಅದಕ್ಕೆ ನೀವೂ ಸಹಿ ಹಾಕಿದರೆ, ಅಪ್ಪ ಹೇಳಿದ್ದನ್ನು ಕೇಳಿದ್ದೇನೆ ಎಂದು ಒಂದು ಮಾತು ಬರೆದುಕೊಟ್ಟರೆ, ಇನ್ನೊಮ್ಮೆ ನೋಡಬಹುದಂತೆ.

ನಿಮ್ಮ ಹುಡುಗಿ


ಅಕ್ಟೋಬರ್ 17

ಹುಡುಗಿ,

ಇದು ಎಡಗೈ ಬರಹ. ವಾರದಿಂದ ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಸಾಲಾದರೆ ಹೆಚ್ಚು. ನನ್ನನ್ನು ಈಗ ಸರಸರ ಎನ್ನಬೇಡ.

ನಿಮ್ಮಪ್ಪ ಸೂಪರ್‌ವೈಸರಿಗೆ ಹೇಳಿದಾಗ ನಾನು ಅಲ್ಲೇ ಇದ್ದೆ. ಎರಡು ಸಲ ನನ್ನ ಕಿವಿಯಾರೆ ಕೇಳಿದ್ದೇನೆ. ಆದರೂ ಆ ಕಾಗದ ತಂದು “ನೋಡು, ಅವನದೇ ಕೈ” ಎಂದು ಹಿಡಿದಾಗ ನನಗೆ ನನ್ನ ಕಿವಿಯ ಮೇಲೇ ಅನುಮಾನ ಬಂತು. ಕೇಳಿದ್ದು ಸುಳ್ಳೇನೋ, ಬರೆದದ್ದೇ ನಿಜವೇನೋ ಎಂದು. ಅದಕ್ಕೇ ಗೋಡೆಯ ಕಡೆ ತಿರುಗಿದೆ. ಅದು ನನ್ನ ತಪ್ಪು.

ಆಸ್ಪತ್ರೆಯಲ್ಲಿ ನನ್ನ ಹತ್ತಿರವೂ ಒಂದು ಇಂಗ್ಲಿಷ್ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಮಂಪರಿನಲ್ಲಿದ್ದೆ. ಅದರ ಗೆರೆಗಳಲ್ಲಿ ಯಾರು ಏನು ತುಂಬಿದ್ದಾರೋ ಗೊತ್ತಿಲ್ಲ.

ಮನವಿ ಕಳಿಸು. ಸಹಿ ಹಾಕುತ್ತೇನೆ. ನಾಲ್ಕು ಅಕ್ಷರದ ಹೆಸರಿಗೆ ಅರ್ಧ ಗಂಟೆ ಬೇಕು, ಆತುರ ಮಾಡಬೇಡ ಎಂದು ಹೇಳು.

ನಿನ್ನ ಅತ್ತೆ


ನವೆಂಬರ್ 24

ಮಗಳೇ,

ಮನವಿಗೆ ಉತ್ತರ ಬಂದಿದೆ. ಏಳು ಸಾಲು. ನಾನು ಎಂದಿನಂತೆ ಇಳಿಸಿ ಇದರ ಜೊತೆ ಇಟ್ಟಿದ್ದೇನೆ. ಹೋಟೆಲಿಗೆ ಬರುವ ಒಬ್ಬ ಮೇಷ್ಟ್ರಿಂದ ಓದಿಸಿದೆ. ಅವರು ಓದಿ ಮುಗಿಸಿ ಕಾಗದವನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟಾಗಲೇ ಅರ್ಥವಾಯಿತು. ಆಗಲ್ಲ ಎಂದಿದ್ದಾರೆ. ನಾನು ಮೊದಲು ಕೊಟ್ಟ ಹೇಳಿಕೆಯೂ ಅವಳು ಹೆಬ್ಬೆಟ್ಟು ಒತ್ತಿದ ಹೇಳಿಕೆಯೂ ಒಂದಕ್ಕೊಂದು ಹೊಂದುತ್ತವಂತೆ. ಆಮೇಲೆ ಇಬ್ಬರೂ ಸೇರಿ ಹೇಳಿದ ಮಾತಿಗೆ ಬೆಲೆ ಇಲ್ಲವಂತೆ.

ಅವಳಿಗೆ ನಾನೇ ಹೇಳಬೇಕಲ್ಲ. ಭಾನುವಾರ ಮಧ್ಯಾಹ್ನ ಅವಳ ತಮ್ಮನ ಮನೆಗೆ ಹೋದೆ. ಮೇಲಿನ ಒಂಟಿ ಕೋಣೆಯಲ್ಲಿದ್ದಾಳೆ. ಎದುರಿನ ಲಾಡ್ಜಿನ ಚಾದರಗಳನ್ನು ಮಹಡಿಯ ಮೇಲೆ ಒಣಗಿಸಿ ಮಡಚಿಕೊಡುತ್ತಾಳೆ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತೆ. ಆಸ್ಪತ್ರೆಯ ಆ ದಿನದಿಂದ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವಳು ಚಾದರದ ಒಂದು ಮೂಲೆಯನ್ನು ಗದ್ದದ ಕೆಳಗೆ ಒತ್ತಿಕೊಂಡು, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು ಒದ್ದಾಡುತ್ತಿದ್ದಳು. ಅರ್ಧ ಚಾದರ ನೆಲಕ್ಕೆ ಬಿದ್ದು ಹೊರಳುತ್ತಿತ್ತು.

“ಅಲ್ಲೇ ಯಾಕೆ ನಿಂತ್ರಿ ಅಣ್ಣ, ಆ ತುದಿ ಹಿಡ್ಕೊಳ್ಳಿ” ಎಂದಳು.

ಹಿಡಿದುಕೊಂಡೆ. ಎಳೆದು, ಮಡಚಿ, ಹತ್ತಿರ ಬಂದು, ಮತ್ತೆ ದೂರ ಹೋಗಿ, ಹನ್ನೊಂದು ಚಾದರ ಮಡಚಿದೆವು. ಹದಿನಾರು ವರ್ಷ ಒಂದೇ ಮೆಷಿನಿನ ಎರಡು ಕಡೆ ನಿಂತವರಿಗೆ ಹೇಳಿಕೊಡುವುದು ಏನಿರುತ್ತದೆ? ಫಾರಂ ವಿಷಯ ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಯದನ್ನು ಗುಡ್ಡೆಯ ಮೇಲಿಟ್ಟು ಅವಳು ಕೇಳಿದಳು, “ಜೇಬಲ್ಲಿ ಏನದು?”

“ಕಾಗದ.”

“ಬಂತಾ?”

“ಬಂತು.”

ಮುಂದಿನ ಮಾತು ಹೇಳಬೇಕಿತ್ತು. ಇಂಗ್ಲಿಷ್ ಹಾಳಾಗಿ ಹೋಗಲಿ, ನನ್ನ ಬಾಯಿಗೆ ಕನ್ನಡವೇ ಬರಲಿಲ್ಲ. ಆಗಲಿಲ್ಲ ಎನ್ನಲೇ? ಕೊಡಲ್ಲವಂತೆ ಎನ್ನಲೇ? ನೋಡೋಣ, ಇನ್ನೂ ದಾರಿ ಇದೆ ಎನ್ನಲೇ? ಒಂದೊಂದು ಪದವನ್ನೂ ಎತ್ತಿ ನೋಡಿ ಕೆಳಗಿಟ್ಟೆ.

“ನೀವು ಹೇಳ್ಬೇಡಿ ಬಿಡಿ” ಎಂದಳು. “ನೀವು ಹೇಳಿದ್ರೆ ನನಗೆ ನೋವಾಗದ ಹಾಗೆ ಏನೋ ಸೇರಿಸಿ ಹೇಳ್ತೀರ. ನನಗೆ ಅದರಲ್ಲಿ ಇರೋದೇ ಬೇಕು. ನಿಮ್ಮ ಮಗಳನ್ನ ಕರೆಸಿ. ಅವಳು ಬಂದು ಓದಲಿ.”

ಸಿಟ್ಟಿನಿಂದ ಅಂದದ್ದಲ್ಲ. ಹೀಗೆ ಹೇಳಿ ನನಗೆ ಕುಡಿಯಲು ನೀರು ಕೊಟ್ಟಳು. ಕಾಗದ ಅವಳ ಹತ್ತಿರವೇ ಇದೆ, ತಲೆದಿಂಬಿನ ಕೆಳಗೆ ಇಟ್ಟುಕೊಂಡಳು.

ನಿನ್ನನ್ನು ಯಾವ ಮೇಜಿನ ಮುಂದೆಯೂ ನಿಲ್ಲಿಸಬಾರದು ಎಂದುಕೊಂಡಿದ್ದೆ. ಇದಕ್ಕೆ ಏನು ಮಾಡಲಿ, ತಿಳಿಯುತ್ತಿಲ್ಲ. ಬರಲೇಬೇಕು ಎಂದು ನಾನು ಹೇಳುವುದಿಲ್ಲ.

ನಿನ್ನ ಅಪ್ಪ


ನವೆಂಬರ್ 28

ಅಪ್ಪಾ,

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ರಜೆ ಬರೆದುಕೊಟ್ಟಿದ್ದೇನೆ.

ನೀನು ಇಳಿಸಿದ ಏಳು ಸಾಲನ್ನೂ ಓದಿದೆ. ಮೇಡಂ ನಿಘಂಟು ತೆಗೆದುಕೊಂಡು ಹೋಗು ಎಂದರು, ಬೇಡವೆಂದೆ. ಅದರಲ್ಲಿ ನನಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಅದನ್ನು ಹುಡುಕುವ ನೆಪದಲ್ಲಾದರೂ ಒಂದು ದಿನ ಮುಂದೆ ಹಾಕುತ್ತಿದ್ದೆ.

ಮೂರು ದಿನದಿಂದ ಕನ್ನಡದಲ್ಲಿ ಹೇಳಿ ನೋಡುತ್ತಿದ್ದೇನೆ. ಎರಡನೆಯ ಸಾಲನ್ನು ಸ್ವಲ್ಪ ಮೆತ್ತಗೆ ಹೇಳಬಹುದು, ಆರನೆಯದನ್ನು ಬಿಟ್ಟೇ ಬಿಡಬಹುದು, ಅತ್ತೆಗೆ ತಿಳಿಯುವುದಿಲ್ಲ. ಎರಡನ್ನೂ ಮಾಡುವುದಿಲ್ಲ. ಇರುವುದನ್ನು ಇರುವ ಹಾಗೆ ಓದುತ್ತೇನೆ. ಅದು ಬಿಟ್ಟು ನನ್ನ ಕೈಯಲ್ಲಿ ಇನ್ನೇನೂ ಇಲ್ಲ.

ನೀನು ಪಕ್ಕದಲ್ಲಿ ಕೂತಿರು ಅಪ್ಪಾ. ಓದುತ್ತ ಎಲ್ಲಾದರೂ ನನ್ನ ದನಿ ನಿಂತರೆ, ಆ ಜಾಗವನ್ನು ತುಂಬಲು ಹೋಗಬೇಡ.

ನಿನ್ನ ಮಗಳು